ಅಮ್ಮನ ಹೆಬ್ಬೆರಳು ಮೊದಲು ಬರಲಿ

ನಮಸ್ಕಾರ.

ಶಿರಸಿಯಿಂದ ನೀವು ಕಳಿಸಿದ ಗಾಯ ಮಾಯುವುದರಲ್ಲಿ ಸಣ್ಣ ಆರ್‌ಎನ್‌ಎಗಳ (ಜೀವಕೋಶದೊಳಗಿನ ಪುಟ್ಟ ಅಣುಗಳ) ಪಾತ್ರದ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ಲೇಖನ ನಿಜವಾಗಿ ಶುರುವಾಗುವುದು ಕೊನೆಯ ಪುಟದಲ್ಲಿ. ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ತಾಗಿ ಅಮ್ಮನ ಹೆಬ್ಬೆರಳು ಸೀಳಿತು, ಕಲೆ ಈಗಲೂ ಇದೆ. ಅದೇ ಅಮ್ಮ ಕವಳ (ಎಲೆ-ಅಡಿಕೆ) ಜಗಿಯುವಾಗ ಕೆನ್ನೆಯ ಒಳಗೆ ಕಚ್ಚಿಕೊಂಡರು, ಅದು ಗುರುತೇ ಉಳಿಯದೆ ಮಾಯಿತು. ಯಾಕೆ ಹೀಗೆ? ಈ ಪ್ರಶ್ನೆಯನ್ನು ಮೊದಲ ಸಾಲಿಗೆ ತನ್ನಿ. ವಿಜ್ಞಾನಿಗಳಾದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕನ್ 1993ರಲ್ಲಿ ಒಂದು ಪುಟ್ಟ ಹುಳುವಿನ ಅಧ್ಯಯನದಿಂದ ಮೈಕ್ರೋ ಆರ್‌ಎನ್‌ಎ, ಅಂದರೆ ಈ ಸಣ್ಣ ಆರ್‌ಎನ್‌ಎಗಳ ವಿಚಾರ ಹೊರತಂದದ್ದು, 2024ರಲ್ಲಿ ನೊಬೆಲ್ ಪಡೆದದ್ದು ಎರಡು ಸಾಲಲ್ಲಿ ಮುಗಿಯಲಿ. ನೀವು ಒಂದೂವರೆ ಪುಟ ಕೊಟ್ಟಿದ್ದೀರಿ.

ಒಂದು ತಪ್ಪು ದೊಡ್ಡದು. ಮೈಕ್ರೋ ಆರ್‌ಎನ್‌ಎ ಗಾಯಕ್ಕೆ ಬೇಕಾದ ಪ್ರೋಟೀನ್ ತಯಾರಿಸುತ್ತದೆ ಎಂದಿದ್ದೀರಿ. ಅದು ಪ್ರೋಟೀನ್ ತಯಾರಿಸುವುದೇ ಇಲ್ಲ. ಸುಮಾರು 22 ಅಕ್ಷರದ ಈ ತುಣುಕು, ಪ್ರೋಟೀನ್ ತಯಾರಿಸುವ ಸೂಚನೆ ಹೊತ್ತ ಮೆಸೆಂಜರ್ ಆರ್‌ಎನ್‌ಎಗೆ ಅಂಟಿಕೊಂಡು, ಅದರಿಂದ ಪ್ರೋಟೀನ್ ಆಗುವುದನ್ನು ತಡೆಯುತ್ತದೆ. ಇಷ್ಟು ತಿಳಿದರೆ ಮಿಕ್ಕದ್ದೆಲ್ಲ ಓದುಗರಿಗೆ ಸಲೀಸು.

ಮೈಕ್ರೋ ಆರ್‌ಎನ್‌ಎಗಳ ಹೆಸರು ಮಿರ್-21, ಮಿರ್-31, ಮಿರ್-203, ಮಿರ್-210 ಅಂತ ಸಾಲಾಗಿ ಬಂದರೆ ಬಸ್ ನಂಬರ್ ಓದಿದ ಹಾಗಾಗುತ್ತದೆ, ಅಲ್ವಾ? ಒಂದನ್ನೇ ಹಿಡಿಯಿರಿ. ನಾನಾದರೆ ಮಿರ್-132 ಆರಿಸುತ್ತೇನೆ. ಗಾಯವಾದ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ, ಬಿಳಿ ರಕ್ತಕಣಗಳು ಬಂದು ಸೇರುತ್ತವೆ, ಆ ಜಾಗ ಕೆಂಪಾಗಿ ಊದಿಕೊಳ್ಳುತ್ತದೆ. ಈ ಉರಿಯೂತ ಬೇಕು, ಆದರೆ ಹೊತ್ತಿಗೆ ಸರಿಯಾಗಿ ಇಳಿಯಲೂ ಬೇಕು. ಆಗ ಚರ್ಮದ ಮೇಲ್ಪದರದ ಜೀವಕೋಶಗಳಲ್ಲಿ ಮಿರ್-132 ಜಾಸ್ತಿಯಾಗುತ್ತದೆ. ಅದು ಉರಿಯೂತ ತಗ್ಗಿಸುತ್ತದೆ, ಜೀವಕೋಶಗಳು ಬೆಳೆದು ಗಾಯ ಮುಚ್ಚಲು ದಾರಿ ಮಾಡುತ್ತದೆ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಸಂಶೋಧಕರು 2015ರಲ್ಲಿ ಇದನ್ನು ತೋರಿಸಿದರು. ಸಕ್ಕರೆ ಕಾಯಿಲೆಯವರ ಪಾದದ ಹುಣ್ಣಿನಲ್ಲಿ ಇದೇ ಮಿರ್-132 ಕಮ್ಮಿ. ಪ್ರತಿ ಮನೆಯಲ್ಲೂ ಒಬ್ಬರಿಗಾದರೂ ಸಕ್ಕರೆ ಇರುವ ಕಾಲದಲ್ಲಿ ಇದನ್ನು ಯಾರು ಓದದೆ ಬಿಡುತ್ತಾರೆ?

ಬಾಯಿಯ ಗಾಯ ಬೇಗ ಮಾಯಲು ಎಂಜಲೊಂದೇ ಕಾರಣ ಎಂದದ್ದೂ ಸರಿಯಲ್ಲ. ಎಂಜಲಿನ ಪಾಲೂ ಇದೆ. ಆದರೆ ಅಮೆರಿಕದ ಸಂಶೋಧಕರು 2018ರಲ್ಲಿ ಒಬ್ಬರೇ ವ್ಯಕ್ತಿಯ ಚರ್ಮದಲ್ಲೂ ಬಾಯಲ್ಲೂ ಸಣ್ಣ ಗಾಯ ಮಾಡಿ ಹೋಲಿಸಿದರು. ಬಾಯಿಯ ಜೀವಕೋಶಗಳು ಗಾಯವಾಗುವ ಮೊದಲೇ ಅದನ್ನು ಮಾಯಿಸಲು ಸಜ್ಜಾಗಿದ್ದವು. ಅಲ್ಲಿ ಉರಿಯೂತವೂ ಬೇಗ ಇಳಿಯಿತು. ನಿಮ್ಮ ಅಮ್ಮನ ವಿಷಯಕ್ಕೆ ಇದಕ್ಕಿಂತ ಹತ್ತಿರದ ಪ್ರಯೋಗ ಸಿಗಲಿಕ್ಕಿಲ್ಲ.

ಇನ್ನೊಂದು ಮಾತು, ಸ್ವಲ್ಪ ಕಹಿ. ಕವಳದ ಮಾತೆತ್ತಿ ಅಡಿಕೆಯ ಬಗ್ಗೆ ಸುಮ್ಮನಾಗಿದ್ದೀರಿ. ಶಿರಸಿ ಕಡೆ ಅದು ಅನ್ನ ಕೊಡುವ ಬೆಳೆ, ಗೊತ್ತು. ಆದರೂ ವರ್ಷಗಟ್ಟಲೆ ಅಡಿಕೆ ಜಗಿದರೆ ಕೆಲವರಿಗೆ ಕೆನ್ನೆಯ ಒಳಪದರ ಗಟ್ಟಿಯಾಗಿ, ತುತ್ತು ಇಡುವಷ್ಟೂ ಬಾಯಿ ತೆರೆಯದಂತಾಗುತ್ತದೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನುತ್ತಾರೆ. ಗಾಯದ ಕಲೆಯೇ ಉಳಿಯದ ಬಾಯಲ್ಲಿ ಇಂಥ ಕಾಯಿಲೆ! ಅಡಿಕೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಮುಚ್ಚಿಡಬೇಡಿ, ನಾಲ್ಕು ಸಾಲು ನೇರವಾಗಿ ಬರೆಯಿರಿ. ಯಾರಾದರೂ ಸಿಟ್ಟಾದರೆ ಉತ್ತರ ನಾನು ಕೊಡುತ್ತೇನೆ.

ಮೈಕ್ರೋ ಆರ್‌ಎನ್‌ಎ ಔಷಧದ ಬಗ್ಗೆ ನೀವು ಬರೆದ 'ಇನ್ನು ಮುಲಾಮು ಬಂದೇ ಬಂತು' ಎಂಬ ಸಾಲು ತೆಗೆಯಲೇಬೇಕು. ಪ್ರಯೋಗಾಲಯದಿಂದ ಔಷಧದ ಅಂಗಡಿಗೆ ದಾರಿ ದೂರ. ಕಾಲಿನಲ್ಲಿ ಹುಣ್ಣಿರುವವರು ಅದನ್ನು ನಂಬಿ ಡಾಕ್ಟರ ಹತ್ತಿರ ಹೋಗುವುದನ್ನು ಮುಂದೆ ಹಾಕಿದರೆ ಬೆರಳೇ ಹೋದೀತು.

800 ಪದಕ್ಕೆ ಇಳಿಸಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿಮಗಾಗಿ ಇಟ್ಟಿರುತ್ತೇನೆ.

ನಿಮ್ಮ,
ಸಂಪಾದಕ
ಕಾರವಾರ