ಪಿಯುಸಿಯಲ್ಲಿ ಗಣಿತ ಇರಲಿಲ್ಲ, ಪೋರ್ಟ್‌ಫೋಲಿಯೊ ಪೇಪರ್ ತಗೊಳ್ಳಬಹುದಾ?

ಸಾಗರದಲ್ಲಿ ಬಿಕಾಂ ಮುಗಿಸಿ ಈಗ ಶಂಕರಘಟ್ಟದಲ್ಲಿ ಎಂಕಾಂ ಓದುತ್ತಿದ್ದೀರಿ. ಪಿಯುಸಿಯಲ್ಲಿ ಗಣಿತ ಓದದವರಿಗೆ ಪೋರ್ಟ್‌ಫೋಲಿಯೊ ಮ್ಯಾನೇಜ್‌ಮೆಂಟ್ (ಹಣವನ್ನು ಹಲವು ಶೇರುಗಳಲ್ಲಿ ಹಂಚಿ ಹೂಡುವ ಲೆಕ್ಕಾಚಾರ) ತಲೆಗೆ ಹತ್ತುತ್ತದಾ ಅಂತ ಕೇಳಿದ್ದೀರಿ. ಖಂಡಿತ ಹತ್ತುತ್ತದೆ, ತಗೊಳ್ಳಿ. ಸರಾಸರಿ, ಶೇಕಡಾ, ವರ್ಗಮೂಲ ಗೊತ್ತಿದ್ದರೆ ಶುರು ಮಾಡಬಹುದು.

ಮೊದಲು ಕೋರಿಲೇಷನ್ ಹಿಡಿಯಿರಿ, ಅಂದರೆ ಎರಡು ಶೇರುಗಳ ಏರಿಳಿತ ಎಷ್ಟು ಹೊಂದುತ್ತದೆ ಅನ್ನೋ ಅಳತೆ; ಅದು ಮೈನಸ್ 1ರಿಂದ 1ರವರೆಗೆ ಇರುತ್ತದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಹ್ಯಾರಿ ಮಾರ್ಕೋವಿಟ್ಜ್ 1952ರಲ್ಲಿ ತೋರಿಸಿದ್ದೇ ಇದನ್ನು: ಒಂದೊಂದು ಶೇರಿನ ರಿಸ್ಕ್ ಬೇರೆಬೇರೆಯಾಗಿ ನೋಡಿದರೆ ಸಾಲದು, ಅವು ಒಟ್ಟಿಗೆ ಹೇಗೆ ಏರಿಳಿಯುತ್ತವೆ ಅನ್ನೋದು ಮುಖ್ಯ. ನಮ್ಮ ತೋಟವನ್ನೇ ನೋಡಿ. ಅಡಿಕೆ ಜೊತೆ ಕಾಳುಮೆಣಸೂ ಇದೆ ಅಂತ ಧೈರ್ಯವಾಗಿರುತ್ತೇವೆ. ಆದರೆ ಮಳೆ ಬಿಡದೆ ಹಿಡಿದರೆ ಅಡಿಕೆಗೆ ಕೊಳೆ ರೋಗ, ಮೆಣಸಿಗೆ ಸೊರಗು ರೋಗ, ಎರಡೂ ಒಟ್ಟಿಗೇ ಬರಬಹುದು ಅಲ್ವಾ?

ಈ ಲೆಕ್ಕವನ್ನು ಕೈಯಲ್ಲೇ ಮಾಡಿ. ಒಂದು ಶೇರಿನ ಸ್ಟ್ಯಾಂಡರ್ಡ್ ಡೀವಿಯೇಷನ್ (ರಿಟರ್ನ್ ತನ್ನ ಸರಾಸರಿಯಿಂದ ಎಷ್ಟು ಏರಿಳಿಯುತ್ತದೆ ಅನ್ನೋ ಅಳತೆ, ಇಲ್ಲಿ ಅದೇ ರಿಸ್ಕ್) ಶೇ. 20, ಇನ್ನೊಂದರದ್ದು ಶೇ. 10. ಎರಡಕ್ಕೂ ಅರ್ಧರ್ಧ ಹಣ. ಕೋರಿಲೇಷನ್ 1 ಆದರೆ ಒಟ್ಟು ರಿಸ್ಕ್ ಶೇ. 15. ಸೊನ್ನೆ ಆದರೆ ಸುಮಾರು 11.2. ಮೈನಸ್ 1 ಆದರೆ ಬರೀ 5. ಶೇರೂ ಅವೇ, ಹಣವೂ ಅಷ್ಟೇ! ಈ ಮೂರು ಉತ್ತರ ನಿಮ್ಮ ಪೆನ್ನಿನಿಂದಲೇ ಬಂದರೆ ಅರ್ಧ ಭಯ ಹೋಗುತ್ತದೆ.

ಬೀಟಾ (ಮಾರುಕಟ್ಟೆ ಏರಿಳಿದಾಗ ಶೇರು ಎಷ್ಟು ಏರಿಳಿಯುತ್ತದೆ ಅನ್ನೋ ಅಳತೆ), ಸಿಎಪಿಎಂ (ಆ ಬೀಟಾಕ್ಕೆ ತಕ್ಕಂತೆ ಎಷ್ಟು ರಿಟರ್ನ್ ನಿರೀಕ್ಷಿಸಬೇಕು ಅನ್ನೋ ಸೂತ್ರ) ಆಮೇಲೆ ಓದಿ. ಸಿಎಪಿಎಂ ಒಂದು ಸರಳ ರೇಖೆಯ ಸಮೀಕರಣ, ಹೆದರುವಂಥದ್ದೇನಿಲ್ಲ.

ಸುಮ್ನೆ ಸೂತ್ರ ಬಾಯಿಪಾಠ ಮಾಡಬೇಡಿ. ಎನ್‌ಎಸ್‌ಇ (ರಾಷ್ಟ್ರೀಯ ಶೇರು ವಿನಿಮಯ ಕೇಂದ್ರ) ವೆಬ್‌ಸೈಟಿನಲ್ಲಿ ಕಂಪನಿಗಳ ಹಳೆ ಬೆಲೆ ಸಿಗುತ್ತದೆ. ಎರಡು ಕಂಪನಿ ಆರಿಸಿ, ತಿಂಗಳ ರಿಟರ್ನ್ (ಬೆಲೆ ತಿಂಗಳಲ್ಲಿ ಶೇಕಡಾ ಎಷ್ಟು ಬದಲಾಯಿತು) ಲೆಕ್ಕ ಹಾಕಿ, ಎಕ್ಸೆಲ್‌ನಲ್ಲಿ ಕೋರಿಲೇಷನ್ ತೆಗೆಯಿರಿ. ನೆನಪಿರಲಿ, ಬೆಲೆಯ ಮೇಲಲ್ಲ, ರಿಟರ್ನ್ ಮೇಲೆ. ಜಾಸ್ತಿ ಜನ ಎಡವುವುದು ಇಲ್ಲೇ.