ಓದುಗರ ಪ್ರಶ್ನೋತ್ತರ: ಉಂಗುರ ಹೊತ್ತವನ ಸೋಲು

ಎರಡು ಸಂಚಿಕೆಗಳ ಹಿಂದೆ ಇದೇ ಅಂಕಣದಲ್ಲಿ ಜೆ. ಆರ್. ಆರ್. ಟಾಲ್ಕಿನ್ ಅವರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕಾದಂಬರಿಯನ್ನು ಮಳೆಗಾಲದ ಓದಿಗೆ ಸೂಚಿಸಿದ್ದೆ. ಅಂದಿನಿಂದ ಮುಂಬಯಿಯ ಮೂಲೆ ಮೂಲೆಗಳಿಂದ ಪತ್ರಗಳು ಬರುತ್ತಿವೆ. ಕೆಲವು ಮೆಚ್ಚಿ ಬರೆದವು, ಹಲವು ನೇರವಾಗಿ ಜಗಳಕ್ಕೇ ನಿಂತವು. ಓದದವರಿಗಾಗಿ ಕಥೆಯ ಎಳೆಯನ್ನಷ್ಟೇ ಹೇಳುತ್ತೇನೆ. ಲೋಕವನ್ನೆಲ್ಲ ಅಡಿಯಾಳಾಗಿಸಬಲ್ಲ ಉಂಗುರವೊಂದು ಫ್ರೋಡೊ ಎಂಬ ಕುಳ್ಳ ಜನಾಂಗದ ಸಾಧು ಗೃಹಸ್ಥನ ಕೈ ಸೇರುತ್ತದೆ. ಅದನ್ನು ಎರಕ ಹೊಯ್ದ ಬೆಂಕಿಬೆಟ್ಟದಲ್ಲೇ ಅದು ಕರಗಬೇಕು. ಆ ಬೆಟ್ಟವಿರುವುದು ಶತ್ರುವಿನ ನಾಡಿನ ನಡುವೆ. ಫ್ರೋಡೊ ತನ್ನ ತೋಟಗಾರ ಸ್ಯಾಮ್‌ನೊಡನೆ ಅಲ್ಲಿಗೆ ನಡೆದು ಹೋಗುತ್ತಾನೆ. ಹಿಂದೊಮ್ಮೆ ಆ ಉಂಗುರವನ್ನು ಇಟ್ಟುಕೊಂಡು ಅದರಿಂದಲೇ ಹಾಳಾದ ಗಾಲಮ್ ಎಂಬವನು ಅವರಿಬ್ಬರ ಬೆನ್ನು ಹತ್ತುತ್ತಾನೆ. ಕಥೆಯ ಕೊನೆಯನ್ನು ಮೊದಲೇ ತಿಳಿಯಲು ಇಷ್ಟಪಡದವರು ಎರಡನೆಯ ಪ್ರಶ್ನೆಯನ್ನು ಸದ್ಯಕ್ಕೆ ಓದದಿರುವುದು ಒಳ್ಳೆಯದು.

ನನ್ನ ಮಗ ಇದಕ್ಕಿಂತ ದೊಡ್ಡ ಕಾದಂಬರಿ ಇಲ್ಲವೆನ್ನುತ್ತಾನೆ. ನಾನು ನೂರು ಪುಟ ದಾಟಲಾರದೆ ಬಿಟ್ಟೆ. ಹುಟ್ಟುಹಬ್ಬದ ಊಟ, ನಡಿಗೆ, ಹಾಡು, ಮತ್ತೆ ನಡಿಗೆ. ಕೊರತೆ ನನ್ನ ಇಂಗ್ಲಿಷಿನದೋ, ಪುಸ್ತಕದ್ದೋ?
— ನಿವೃತ್ತ ಬ್ಯಾಂಕ್ ನೌಕರರು, ಡೊಂಬಿವಲಿ

ನಿಮ್ಮ ಇಂಗ್ಲಿಷಿನದಂತೂ ಅಲ್ಲ. ಇಂಗ್ಲಿಷನ್ನೇ ಉಂಡು ಉಟ್ಟು ಬೆಳೆದ ವಿಮರ್ಶಕ ಎಡ್ಮಂಡ್ ವಿಲ್ಸನ್ 1956ರಲ್ಲಿ ಇದನ್ನು ಹತೋಟಿ ಮೀರಿ ಬೆಳೆದ ಮಕ್ಕಳ ಪುಸ್ತಕವೆಂದು ತಳ್ಳಿಹಾಕಿದರು. ಅದೇ ವರ್ಷ ಕವಿ ಡಬ್ಲ್ಯು. ಎಚ್. ಆಡನ್ ಇದನ್ನು ಮನಸಾರೆ ಹೊಗಳಿ, ಈ ಕೃತಿಯ ವಿಷಯದಲ್ಲಿ ಮಧ್ಯಮ ಅಭಿಪ್ರಾಯವುಳ್ಳವರೇ ಸಿಗುವುದಿಲ್ಲವೆಂದು ಗುರುತಿಸಿದರು. ನಿಮ್ಮ ಮನೆಯ ವಾದ ಸುಮಾರು 70 ವರ್ಷ ಹಳೆಯದು. ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ಟಾಲ್ಕಿನ್ ಕೂಡ, ಒಬ್ಬ ಓದುಗನಿಗೆ ಕಳಂಕವಾಗಿ ಕಂಡ ಭಾಗವೇ ಮತ್ತೊಬ್ಬನಿಗೆ ವಿಶೇಷವಾಗಿ ಹಿಡಿಸಿದ್ದನ್ನು ಹೇಳಿಕೊಂಡಿದ್ದಾರೆ. ಇತರರು ಎತ್ತಿ ತೋರಿಸಿದ ದೋಷಗಳಲ್ಲಿ ಅವರು ಅಲ್ಲಿ ಒಪ್ಪಿಕೊಂಡದ್ದು ಒಂದನ್ನೇ: ಪುಸ್ತಕ ತೀರ ಚಿಕ್ಕದಾಯಿತು ಎಂಬುದನ್ನು.

ಆದರೂ ನಿಮ್ಮ ದೂರಿನಲ್ಲಿ ಸತ್ಯವಿದೆ. ಕಥೆ ನಿಧಾನವಾಗಿದೆ, ಮೊದಲ ಭಾಗವಂತೂ ಬಹಳ ನಿಧಾನ. ನಾನು ಕಿಂಗ್ಸ್ ಸರ್ಕಲ್ಲಿನ ಫುಟ್‌ಪಾತಿನ ಹಳೆಯ ಪುಸ್ತಕದ ರಾಶಿಯಿಂದ ಮೊದಲ ಸಂಪುಟವನ್ನು ಕೊಂಡು ಲೋಕಲ್ ರೈಲಿನಲ್ಲಿ ಓದತೊಡಗಿ, ನಿಮ್ಮಂತೆಯೇ ಕೈಬಿಟ್ಟವನು. ನಿಲ್ದಾಣದಿಂದ ನಿಲ್ದಾಣಕ್ಕೆ ಐದೈದು ಪುಟ ನುಂಗುವ ಓದಿಗೆ ಈ ಪುಸ್ತಕ ಒಗ್ಗುವುದಿಲ್ಲ. ವರ್ಷಗಳ ನಂತರ ಒಂದು ಭಾನುವಾರ ಮಧ್ಯಾಹ್ನ, ಮನೆಯವರಿಗೆ ಕೇಳುವಂತೆ ಗಟ್ಟಿಯಾಗಿ ಓದಿದಾಗ ಅದು ತೆರೆದುಕೊಂಡಿತು. ನಾವು ಗಮಕ ಕೇಳಿದ ಜನ. ಮಹಾಕಾವ್ಯವೆಂದರೆ ಪರ್ವತ, ಸಮುದ್ರ, ಋತು, ಸೂರ್ಯೋದಯಗಳ ಅಷ್ಟಾದಶ ವರ್ಣನೆ ಇರಲೇಬೇಕೆಂದು ನಂಬಿದ್ದ ಪರಂಪರೆ ನಮ್ಮದು. ಯಕ್ಷಗಾನದ ಒಡ್ಡೋಲಗವನ್ನು ಅರ್ಧ ಗಂಟೆ ಕಣ್ಣರಳಿಸಿ ನೋಡುವ ನಮಗೆ ಬೆಟ್ಟ ಹತ್ತುವ ಒಂದು ಅಧ್ಯಾಯ ಅಸಹನೀಯವಾಗಬೇಕಿಲ್ಲ.

ನಿಧಾನಕ್ಕೆ ಒಂದು ಕೆಲಸವೂ ಇದೆ. ಸ್ಯಾಮ್ ತನ್ನ ಬೆನ್ನುಚೀಲದಲ್ಲಿ ಅಡುಗೆ ಪಾತ್ರೆಗಳನ್ನೂ ಒಂದು ಪುಟ್ಟ ಡಬ್ಬಿಯಲ್ಲಿ ಉಪ್ಪನ್ನೂ ಹೊತ್ತುಕೊಂಡೇ ಹೊರಡುತ್ತಾನೆ. ದಾರಿಯಲ್ಲಿ ಒಮ್ಮೆ ಮೊಲದ ಮಾಂಸ ಸಿಕ್ಕಾಗ ಸೊಪ್ಪು ಹಾಕಿ ಬೇಯಿಸುವ ಪ್ರಸಂಗವನ್ನು ಲೇಖಕರು ಪುಟಗಟ್ಟಲೆ ಬರೆಯುತ್ತಾರೆ. ಅವಸರದ ಓದುಗ ಅದನ್ನು ಹಾರಿಸುತ್ತಾನೆ. ಆದರೆ ಕೊನೆಯ ಏರಿನಲ್ಲಿ, ಇನ್ನು ಹಿಂದಿರುಗುವ ಮಾತೇ ಇಲ್ಲವೆಂದು ಖಚಿತವಾದಾಗ, ಹೊರೆ ಇಳಿಸಲೆಂದು ಸ್ಯಾಮ್ ಆ ಪಾತ್ರೆಗಳನ್ನು ಒಂದು ಆಳವಾದ ಬಿರುಕಿನೊಳಕ್ಕೆ ಎಸೆಯುತ್ತಾನೆ. ಅವು ಕತ್ತಲೆಯಲ್ಲಿ ಠಣಠಣಿಸುತ್ತ ಬೀಳುವ ಸದ್ದು ಅವನಿಗೆ ಸಾವಿನ ಗಂಟೆಯಂತೆ ಕೇಳಿಸುತ್ತದೆ. ಊರಿನಿಂದ ಬರುವಾಗ ತಾಯಿ ಕೊಟ್ಟ ಹಿತ್ತಾಳೆಯ ಚೊಂಬನ್ನು ಫೋರ್ಟಿನ ಹೋಟೆಲಿನ ಅಟ್ಟದ ಮೇಲೆ ಕೊನೆಯವರೆಗೂ ಕಾಪಾಡಿಕೊಂಡಿದ್ದ ನನ್ನ ತಂದೆಯ ನೆನಪಾಗಿ, ಆ ಸಾಲಿನಲ್ಲಿ ನನ್ನ ಓದು ನಿಂತುಹೋಯಿತು. ಮೊಲದ ಅಡುಗೆಯನ್ನು ಹಾರಿಸಿದ್ದರೆ ಅದು ಬರಿಯ ಪಾತ್ರೆಯ ಸದ್ದಾಗುತ್ತಿತ್ತು.

ಮಗನನ್ನೇ ಒಂದು ಅಧ್ಯಾಯ ಗಟ್ಟಿಯಾಗಿ ಓದಲು ಹೇಳಿ ನೋಡಿ. ಆಮೇಲೂ ಹಿಡಿಸದಿದ್ದರೆ ಸಂಕೋಚವಿಲ್ಲದೆ ಬಿಟ್ಟುಬಿಡಿ.

ವೀರಕಥೆಯೆಂದು ನಂಬಿ ಸಾವಿರ ಪುಟ ಓದಿದೆ. ಕೊನೆಗೆ ನಾಯಕ ಬೆಂಕಿಯ ಬಾಯಿಯ ಮುಂದೆ ನಿಂತು ಉಂಗುರ ನನ್ನದೇ ಎನ್ನುತ್ತಾನೆ! ಇದು ಓದುಗನಿಗೆ ಮಾಡಿದ ಮೋಸವಲ್ಲವೇ?
— ಹೈಸ್ಕೂಲ್ ಶಿಕ್ಷಕರು, ಮುಲುಂಡ್

ಈ ಕಾದಂಬರಿಯ ಬಗ್ಗೆ ಓದುಗರು ಎರಡಾಗಿ ಒಡೆಯುವುದು ಮುಖ್ಯವಾಗಿ ಇಲ್ಲೇ. ಫ್ರೋಡೊ ಉಂಗುರವನ್ನು ಬೆರಳಿಗೆ ಹಾಕಿಕೊಳ್ಳುತ್ತಾನೆ; ಗಾಲಮ್ ಮೇಲೆ ಬಿದ್ದು ಆ ಬೆರಳನ್ನೇ ಕಚ್ಚಿ ಕಿತ್ತು, ಸಂತೋಷದಲ್ಲಿ ಕುಣಿದು, ಕಾಲು ಜಾರಿ ಉಂಗುರದೊಂದಿಗೆ ಬೆಂಕಿಗೆ ಬೀಳುತ್ತಾನೆ. ಲೋಕ ಉಳಿಯುತ್ತದೆ, ನಾಯಕ ಗೆಲ್ಲುವುದಿಲ್ಲ.

ನಿಮ್ಮ ಪ್ರಶ್ನೆಯನ್ನು ಓದುಗರು ಟಾಲ್ಕಿನ್ ಅವರಿಗೇ ಬರೆದು ಕೇಳಿದ್ದರು, ಅವರು ದೀರ್ಘವಾಗಿ ಉತ್ತರಿಸಿದ್ದರು; ಆ ಪತ್ರಗಳು 1981ರಲ್ಲಿ ಗ್ರಂಥರೂಪದಲ್ಲಿ ಬಂದವು. ಅವರ ವಾದದ ತಿರುಳು ಇಷ್ಟು: ತಿಂಗಳುಗಟ್ಟಲೆ ಹಸಿದು, ಸವೆದು, ಆ ಹೊರೆಯನ್ನು ಹೊತ್ತು ಬಂದ ಜೀವಿಗೆ ಆ ಜಾಗದಲ್ಲಿ, ಆ ಗಳಿಗೆಯಲ್ಲಿ ಉಂಗುರವನ್ನು ಬಿಸಾಡುವುದು ಸಾಧ್ಯವೇ ಇರಲಿಲ್ಲ, ಅದನ್ನು ಶೀಲದ ಸೋಲೆಂದು ಎಣಿಸಬಾರದು. ಕಾರ್ಯ ನೆರವೇರಿದ್ದು ಫ್ರೋಡೊ ಹಿಂದೆ ತೋರಿದ ಕರುಣೆಯಿಂದ. ಕೊಲ್ಲಬಹುದಾಗಿದ್ದ ಗಾಲಮ್‌ನನ್ನು ಅವನು ಕೊಲ್ಲದೆ ಬಿಟ್ಟಿದ್ದ. ಕೊಂದಿದ್ದರೆ ಬೆಟ್ಟದ ಮೇಲೆ ಕಚ್ಚಲು ಯಾರೂ ಇರುತ್ತಿರಲಿಲ್ಲ. ಈ ಮಾತಿನ ಬೀಜ ಕಾದಂಬರಿಯ ಎರಡನೆಯ ಅಧ್ಯಾಯದಲ್ಲೇ ಬಿದ್ದಿದೆ.

ನನಗಂತೂ ಇದು ಮೋಸವೆನಿಸಲಿಲ್ಲ. ಹಿಂದಿನ ಪತ್ರದವರಿಗೆ ಬೇಸರ ತಂದ ಆ ನಡಿಗೆಗೂ ನಿಮಗೆ ಕೋಪ ತಂದ ಈ ಸೋಲಿಗೂ ಬೇರು ಒಂದೇ. ಹೆಜ್ಜೆ ಹೆಜ್ಜೆಗೂ ಹೊರೆ ಭಾರವಾಗುವುದನ್ನು ಅವನ ಜೊತೆ ನಡೆದು ನೋಡಿದ ಓದುಗನಿಗೆ, ಅವನು ಕೊನೆಗೆ ಕುಸಿಯದಿದ್ದರೆ ಆಗ ಮೋಸವೆನಿಸಬೇಕು. ಟಾಲ್ಕಿನ್ 1916ರಲ್ಲಿ, ಮೊದಲ ಮಹಾಯುದ್ಧದ ಸೊಮ್ಮ್ ಕದನದ ಕಂದಕಗಳಲ್ಲಿದ್ದವರು. 1918ರ ಹೊತ್ತಿಗೆ ಆಪ್ತ ಗೆಳೆಯರಲ್ಲಿ ಒಬ್ಬನ ಹೊರತು ಉಳಿದವರನ್ನೆಲ್ಲ ಕಳೆದುಕೊಂಡವರು. ಒಳ್ಳೆಯವರೂ ಕುಸಿಯುವುದನ್ನು ಅವರು ಕಣ್ಣಾರೆ ಕಂಡಿದ್ದರು.

ಇನ್ನು ವೀರನೆಂದರೆ ಗೆದ್ದವನೇ ಆಗಬೇಕೆಂಬುದು ನಮ್ಮ ಹಿರಿಯರ ಅಭಿಪ್ರಾಯವೂ ಆಗಿರಲಿಲ್ಲ. ನೀವು ಒಂದು ರಜೆಯ ದಿನ ಬೋರಿವಲಿಯ ಏಕ್ಸರ್‌ಗೆ ಹೋಗಿ ಬನ್ನಿ. ಹಡಗುಗಳ ಕಾಳಗವನ್ನು ಕೆತ್ತಿದ ವೀರಗಲ್ಲುಗಳು ಅಲ್ಲಿವೆ. ಕರ್ನಾಟಕದ ಊರೂರುಗಳಲ್ಲಿ ನಿಂತ ಕಲ್ಲುಗಳಂತೆ ಅವೂ ಮಡಿದವರಿಗಾಗಿ ನಿಂತವು. ತುರು ಕಾಯಲು ಹೋಗಿ ಸತ್ತವನಿಗೆ ಕಲ್ಲು ನಿಲ್ಲಿಸಿದ ಊರು ತುರು ಮರಳಿತೋ ಇಲ್ಲವೋ ಎಂಬುದೊಂದನ್ನೇ ನೋಡಿ ಆ ಗೌರವ ಕೊಡಲಿಲ್ಲ. ಫ್ರೋಡೊನಿಗೆ ಆ ಕಲ್ಲಿನ ಭಾಗ್ಯವೂ ಇಲ್ಲ. ಅವನ ಊರಿನವರು ಅವನನ್ನು ಅಷ್ಟಾಗಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅದನ್ನು ಕಂಡು ಸ್ಯಾಮ್ ನೊಂದುಕೊಳ್ಳುತ್ತಾನೆ. ಗಾಯವಾದ ತಿಥಿ ಬಂದಾಗಲೆಲ್ಲ ನೋವು ಮರುಕಳಿಸಿ, ತಾನು ಉಳಿಸಿದ ನಾಡಿನಲ್ಲಿ ತಾನೇ ಬಾಳಲಾರದೆ ಫ್ರೋಡೊ ಹಡಗು ಹತ್ತುತ್ತಾನೆ. ಆ ಕೊನೆಯ ಅಧ್ಯಾಯವನ್ನು ಇನ್ನೊಮ್ಮೆ ಓದಬೇಕೆಂದು ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ.

ಉಂಗುರದ ಪಯಣಕ್ಕೆ ಆರಂಭದಲ್ಲಿ ಒಟ್ಟಾಗಿ ಹೊರಟ ಒಂಬತ್ತು ಮಂದಿಯಲ್ಲಿ ಒಬ್ಬಳೂ ಹೆಂಗಸಿಲ್ಲ. ಇರುವ ಹೆಂಗಸರು ದೂರದಲ್ಲಿ ದೀಪದಂತೆ ಬೆಳಗಿ ಮರೆಯಾಗುತ್ತಾರೆ. ಇದನ್ನು ಮೆಚ್ಚುವವರಿಗೆ ಈ ಕೊರತೆ ಕಾಣುವುದೇ ಇಲ್ಲವೇ?
— ಕಾಲೇಜು ಉಪನ್ಯಾಸಕಿ, ಘಾಟ್ಕೋಪರ್

ಕಾಣುತ್ತದೆ ಮೇಡಂ, ಕಾಣಬೇಕು. ಈ ಆಕ್ಷೇಪಕ್ಕೆ ನನ್ನಲ್ಲಿ ಸಮರ್ಥನೆಯಿಲ್ಲ. ಎಯೊವಿನ್ ಒಬ್ಬಳಿದ್ದಾಳೆ, ಗಂಡುವೇಷ ತೊಟ್ಟು ಯುದ್ಧಕ್ಕೆ ಹೋಗಿ, ಯಾವ ಗಂಡಸಿನಿಂದಲೂ ಸಾಯನೆಂದು ಪ್ರಸಿದ್ಧನಾದ ಪ್ರೇತನಾಯಕನನ್ನು ಕೊಲ್ಲುತ್ತಾಳೆ. ಅದಕ್ಕಿಂತ ನನ್ನನ್ನು ತಟ್ಟಿದ್ದು, ನಿನಗೆ ಯಾವುದರ ಭಯವೆಂದು ಕೇಳಿದಾಗ ಅವಳು ಸಾವನ್ನೂ ನೋವನ್ನೂ ಬಿಟ್ಟು ಪಂಜರವನ್ನು ಹೆಸರಿಸುವುದು. ಇಷ್ಟನ್ನು ಬರೆಯಬಲ್ಲ ಲೇಖಕ ಇನ್ನಷ್ಟನ್ನು ಬರೆಯಬಹುದಿತ್ತು ಎಂಬುದೇ ನನ್ನ ಕೊರಗು.

ನಮ್ಮ ಕಾವ್ಯಗಳಲ್ಲಿ ದುರ್ಯೋಧನನಿಗೂ ಘನತೆಯಿದೆ. ಇಲ್ಲಿ ಕೆಟ್ಟವರೆಲ್ಲ ಹುಟ್ಟಾ ಕೆಟ್ಟವರು. ಇಂಥ ಕಪ್ಪು ಬಿಳುಪಿನ ಲೋಕವನ್ನು ದೊಡ್ಡ ಸಾಹಿತ್ಯವೆನ್ನಬಹುದೇ?
— ಒಬ್ಬ ಓದುಗರು, ನೆರೂಲ್

ಶತ್ರುವಿನ ಸೈನ್ಯದ ಕ್ರೂರ ಜನಾಂಗವಾದ ಓರ್ಕ್‌ಗಳ ವಿಷಯದಲ್ಲಿ ನಿಮ್ಮ ಮಾತು ಬಹುಮಟ್ಟಿಗೆ ಸರಿ. ಒಂದು ಇಡೀ ಜನಾಂಗ ಹುಟ್ಟಿನಿಂದಲೇ ದುಷ್ಟವಾಗಿರಬಹುದೇ ಎಂಬ ಪ್ರಶ್ನೆ ಟಾಲ್ಕಿನ್ ಅವರನ್ನೂ ಕಾಡಿತ್ತು. ಆದರೆ ಗಾಲಮ್ ಕಪ್ಪೂ ಅಲ್ಲ, ಬಿಳುಪೂ ಅಲ್ಲ. ಮತ್ತೊಂದು ಸಣ್ಣ ಪ್ರಸಂಗವನ್ನು ನೀವು ಗಮನಿಸಿರಲಾರಿರಿ. ಹೊಂಚುದಾಳಿಯೊಂದರಲ್ಲಿ ಶತ್ರುಪಕ್ಷದ ದಕ್ಷಿಣ ದೇಶದ ಸೈನಿಕನೊಬ್ಬ ಸತ್ತು ಸ್ಯಾಮ್‌ನ ಎದುರಿಗೇ ಬೀಳುತ್ತಾನೆ. ಇವನ ಹೆಸರೇನಿರಬಹುದು, ಎಲ್ಲಿಂದ ಬಂದನೋ, ನಿಜವಾಗಿಯೂ ಕೆಟ್ಟವನೇ ಆಗಿದ್ದನೋ, ಯಾವ ಸುಳ್ಳು ಯಾವ ಬೆದರಿಕೆ ಅವನನ್ನು ಮನೆಯಿಂದ ಇಷ್ಟು ದೂರ ಎಳೆದು ತಂದಿತೋ ಎಂದು ಸ್ಯಾಮ್ ಯೋಚಿಸುತ್ತಾನೆ. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ರಣರಂಗದ ಹೆಣಗಳ ನಡುವೆ ಅಭಿಮನ್ಯುವನ್ನು ಕಂಡು, ವೈರಿಯ ಮಗನ ಮುಂದೆ ಕೈಮುಗಿದು ನಿಲ್ಲುವುದನ್ನು ಓದಿದವರಿಗೆ ಈ ಗಳಿಗೆ ಅಪರಿಚಿತವಲ್ಲ. ಹೋಲಿಸಿದರೆ ರನ್ನನದೇ ಎತ್ತರ, ಏಕೆಂದರೆ ಅಲ್ಲಿ ಕೈಮುಗಿಯುವವನೇ ಪ್ರತಿನಾಯಕ. ಟಾಲ್ಕಿನ್ ಅಷ್ಟು ದೂರ ಹೋಗಲಿಲ್ಲ, ಆ ದಿಕ್ಕಿಗೆ ಮುಖವನ್ನಂತೂ ಮಾಡಿದ್ದರು.

ಉಂಗುರವೆಂದರೆ ಅಣುಬಾಂಬಿನ ಸಂಕೇತವೇ?
— ವಿದ್ಯಾರ್ಥಿ, ವಡಾಲ

ಅಲ್ಲ. ಬರವಣಿಗೆ ಶುರುವಾದದ್ದು 1937ರ ಡಿಸೆಂಬರಿನಲ್ಲಿ, ಬಾಂಬು ಬಿದ್ದದ್ದು 1945ರಲ್ಲಿ. ಇಂಥ ಅನ್ಯೋಕ್ತಿಯ ಓದನ್ನು ಲೇಖಕರು ಮುನ್ನುಡಿಯಲ್ಲೇ ನಿರಾಕರಿಸಿದ್ದಾರೆ. ನಿಮ್ಮ ಕಾಲಕ್ಕೆ ಅದನ್ನು ಅನ್ವಯಿಸಿಕೊಳ್ಳುವ ಸ್ವಾತಂತ್ರ್ಯವನ್ನು ಮಾತ್ರ ಓದುಗನಿಗೇ ಬಿಟ್ಟಿದ್ದಾರೆ.

ಮೂರೂ ಸಿನಿಮಾ ನೋಡಿದ್ದೇನೆ. ಪುಸ್ತಕ ಓದುವ ಅಗತ್ಯವಿದೆಯೇ?
— ಗೃಹಿಣಿ, ಮೀರಾ ರೋಡ್

ಇದೆ. 2001ರಿಂದ 2003ರವರೆಗೆ ಬಂದ ಆ ಚಿತ್ರಗಳಲ್ಲಿ ಕಾಡಿನ ಟಾಮ್ ಬಾಂಬಡಿಲ್ ಇಲ್ಲ. ಗೆದ್ದು ಮರಳಿದವರು ತಮ್ಮ ಊರೇ ದುಷ್ಟರ ಕೈಸೇರಿರುವುದನ್ನು ಕಂಡು ಮತ್ತೆ ಹೋರಾಡುವ ಅಧ್ಯಾಯವೂ ಇಲ್ಲ. ಮೊದಲನೆಯದು ಬಿಟ್ಟುಹೋದದ್ದಕ್ಕೆ ನನಗೆ ಬೇಸರವಿಲ್ಲ, ಎರಡನೆಯದಕ್ಕೆ ಇದೆ.

ನನ್ನ ಮೊಮ್ಮಗಳಿಗೆ ಹತ್ತು ವರ್ಷ. ಎಲ್ಲಿಂದ ಶುರು ಮಾಡಿಸಲಿ?
— ಅಜ್ಜಿ, ಗೋರೆಗಾಂವ್

ಇದೇ ಲೇಖಕರ, ಇದಕ್ಕಿಂತ ಮೊದಲು 1937ರಲ್ಲಿ ಬಂದ 'ದಿ ಹಾಬಿಟ್' ಕೊಡಿ ಅಮ್ಮಾ. ಅದು ಅಚ್ಚಾದದ್ದೇ ನಿಮ್ಮ ಮೊಮ್ಮಗಳ ವಯಸ್ಸಿನ ಒಬ್ಬ ಹುಡುಗನ ಅಭಿಪ್ರಾಯದ ಬಲದಿಂದ. ಪ್ರಕಾಶಕ ಸ್ಟಾನ್ಲಿ ಅನ್ವಿನ್ ತಮ್ಮ ಹತ್ತು ವರ್ಷದ ಮಗ ರೇನರ್‌ಗೆ ಹಸ್ತಪ್ರತಿ ಕೊಟ್ಟು, ವಿಮರ್ಶೆ ಬರೆದದ್ದಕ್ಕೆ ಒಂದು ಶಿಲ್ಲಿಂಗ್ ಸಂಭಾವನೆ ಕೊಟ್ಟರು. ಹುಡುಗ ಪುಸ್ತಕವನ್ನು ಮೆಚ್ಚಿ, ಇದು ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆಲ್ಲ ಹಿಡಿಸಬೇಕೆಂದು ಬರೆದ. ಮುಂದೆ ಅವನೇ ದೊಡ್ಡವನಾಗಿ ಉಂಗುರದ ಕಥೆಯನ್ನು ಪ್ರಕಟಿಸೋಣವೆಂದು, ಸಾವಿರ ಪೌಂಡ್ ನಷ್ಟವಾಗಬಹುದೆಂಬ ಎಚ್ಚರಿಕೆಯೊಡನೆ, ತಂದೆಗೆ ಬರೆದ. ಪ್ರತಿಭೆಯ ಕೃತಿಯೆಂದು ನಿನಗನಿಸಿದರೆ ಆ ನಷ್ಟ ಆಗಲಿ ಎಂದು ತಂದೆ ಒಪ್ಪಿದರು. ನೀವು ದಿನಕ್ಕೆ ಕೆಲವು ಪುಟಗಳನ್ನು ಮೊಮ್ಮಗಳಿಂದ ಓದಿಸಿ ಕೇಳಿ. ಮುಗಿದ ಮೇಲೆ ಅವಳ ಅಭಿಪ್ರಾಯವನ್ನು, ಹಿಡಿಸದಿದ್ದರೆ ಹಿಡಿಸದ ಕಾರಣವನ್ನೂ, ಅವಳ ಕೈಯಿಂದಲೇ ಕನ್ನಡದಲ್ಲಿ ಬರೆಸಿ ನಮಗೆ ಕಳುಹಿಸಿ.