ದಪ್ಪಗಿರುವುದೆಲ್ಲ ಒಳ್ಳೆ ಟೈರಲ್ಲ: ಟೇಲ್‌ವೀಲ್ ವಿಮಾನದವರ ಪ್ರಶ್ನೆಗಳಿಗೆ ಉತ್ತರ

ಮೂರನೆಯ ಗಾಲಿ ಬಾಲದ ಕೆಳಗಿರುವ ಟೇಲ್‌ವೀಲ್ ವಿಮಾನದವರಿಂದ ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಟೈರಿನದೇ. "ದಪ್ಪ ಟೈರು ಹಾಕಿದರೆ ಇಳಿಸುವುದು ಸುಲಭವಾಗುತ್ತದಾ?" ಎಂಬ ಒಂದೇ ಪ್ರಶ್ನೆ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದೆ. ಆಗುವುದಿಲ್ಲ. ಯಾಕೆ ಎಂದು ಒಂದು ಪತ್ರ ಹಿಡಿದು ಉದ್ದಕ್ಕೆ ಬರೆಯುತ್ತೇನೆ, ಉಳಿದವಕ್ಕೆ ಒಂದೆರಡು ಸಾಲು ಸಾಕು. ಗ್ರೌಂಡ್ ಲೂಪ್ (ನೆಲದ ಮೇಲೆ ಓಡುವಾಗ ವಿಮಾನ ಕೈತಪ್ಪಿ ಗಿರ್ರನೆ ತಿರುಗುವುದು) ಯಾಕಾಗುತ್ತದೆ ಎಂಬುದನ್ನೆಲ್ಲ ಇಲ್ಲಿ ಹೇಳಲು ಹೋಗುವುದಿಲ್ಲ. ಅದು ಗೊತ್ತಿಲ್ಲದವರು ಟೈರಿನ ಗೊಡವೆಗೆ ಬೀಳುವ ಮೊದಲು ಇನ್‌ಸ್ಟ್ರಕ್ಟರ್ ಹತ್ತಿರ ಹೋಗಿ ಬರಲಿ.

ಪ್ರಶ್ನೆ: ಟೆಕ್ಸಾಸ್‌ನಲ್ಲಿ ಇಬ್ಬರು ಗೆಳೆಯರ ಜೊತೆ ಪಾಲಿನಲ್ಲಿ ಒಂದು ಸಿಟಾಬ್ರಿಯಾ 7ಇಸಿಎ ವಿಮಾನ ಇಟ್ಟುಕೊಂಡಿದ್ದೇನೆ. ಈಗಿರುವ 6.00-6 (6 ಇಂಚು ಅಗಲ, 6 ಇಂಚು ರಿಮ್ಮು) ಟೈರುಗಳು ಸವೆದಿವೆ. 8.50-6 ಹಾಕು ಅನ್ನುವವರು ಕೆಲವರು, 31 ಇಂಚಿನ ಟಂಡ್ರಾ ಟೈರೇ ಹಾಕಿಬಿಡು ಅನ್ನುವವರು ಕೆಲವರು. ನಮ್ಮದು ಟಾರಿನ ರನ್‌ವೇ. ತಿಂಗಳಿಗೊಮ್ಮೆ ಹುಲ್ಲಿನ ಪಟ್ಟಿಗೆ ಹೋಗುತ್ತೇವೆ. ಯಾವುದು ಒಳ್ಳೆಯದು? ಟೈರಿನ ಬಲದ ದರ್ಜೆ 4 ಪ್ಲೈಯೋ 6 ಪ್ಲೈಯೋ? ಗಾಳಿ ಎಷ್ಟು?

ಉತ್ತರ: 6.00-6ನ್ನೇ ಹಾಕಿ. ನಿಮ್ಮ ಪ್ರಶ್ನೆಯಲ್ಲೇ ಉತ್ತರವಿದೆ. ಹತ್ತರಲ್ಲಿ ಒಂಬತ್ತು ಸಲ ಟಾರಿನ ಮೇಲೆ ಇಳಿಯುವವರು ಹತ್ತನೆಯ ಸಲಕ್ಕಾಗಿ ಟೈರು ಆರಿಸಬಾರದು. ಚೆನ್ನಾಗಿ ಕತ್ತರಿಸಿದ, ಗಟ್ಟಿ ನೆಲದ ಹುಲ್ಲಿನ ಪಟ್ಟಿಗೆ 6.00-6 ಧಾರಾಳ ಸಾಕು.

ಟಂಡ್ರಾ ಟೈರುಗಳು ಅಲಾಸ್ಕಾದ ನದಿ ದಂಡೆಗಳಿಗೆ, ಮುಷ್ಟಿಗಾತ್ರದ ಬೆಣಚುಕಲ್ಲು ಹರಡಿದ ಕಡೆಗೆ ಹುಟ್ಟಿದವು. ಟೈರೊಳಗಿನ ಗಾಳಿಯ ಒತ್ತಡ ಎಷ್ಟೋ, ನೆಲದ ಮೇಲೆ ಅದು ಊರುವ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. 6–8 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಒತ್ತಡ) ಇಟ್ಟರೆ ಮರಳಿನಲ್ಲಿ ಹೂತುಕೊಳ್ಳುವುದಿಲ್ಲ, ಕಲ್ಲಿನ ಮೇಲೆ ಮೆತ್ತಗೆ ಉರುಳುತ್ತದೆ. ಅಲ್ಲಿ ಅದು ಪ್ರಾಣ ಉಳಿಸುವ ಸಾಮಾನು. ಟಾರಿನ ಮೇಲೆ ಅದರ ಮೆದು ರಬ್ಬರು ಎರೇಸರ್ ತಿಕ್ಕಿದಂತೆ ಸವೆಯುತ್ತದೆ, ಬೆಲೆ ನೋಡಿದರೆ ಹೊಟ್ಟೆ ಉರಿಯುತ್ತದೆ. ಇದು ದುಡ್ಡಿನ ಮಾತಾಯಿತು. ನನ್ನ ಆತಂಕ ಬೇರೆಯದು.

ಟೇಲ್‌ವೀಲ್ ವಿಮಾನ ಕೈತಪ್ಪುವುದು ನೆಲ ಮುಟ್ಟಿದ ಗಳಿಗೆಯಲ್ಲಲ್ಲ, ಆಮೇಲೆ. ವೇಗ ಇಳಿಯುತ್ತಾ 30 ನಾಟ್‌ನ (ಗಂಟೆಗೆ ಸುಮಾರು 55 ಕಿ.ಮೀ.) ಆಸುಪಾಸಿಗೆ ಬಂದಾಗ ಬಾಲದ ಚುಕ್ಕಾಣಿಗೆ, ಅಂದರೆ ರಡ್ಡರ್‌ಗೆ, ಗಾಳಿ ಸಾಲದು, ಬಾಲದ ಗಾಲಿಯ ಮೇಲೆ ಇನ್ನೂ ಪೂರ್ತಿ ಭಾರ ಕೂತಿರುವುದಿಲ್ಲ. ಆಗ ವಿಮಾನವನ್ನು ನೇರ ಇಡುವುದು ಮುಂದಿನ ಎರಡು ಟೈರು, ಎರಡು ಬ್ರೇಕು. ಟೈರಿನ ಪರೀಕ್ಷೆ ಆ ಐದಾರು ಸೆಕೆಂಡಿನದು. ದಪ್ಪ ಟೈರು ಅಲ್ಲೇ ಮೂರು ಕಡೆ ಕೈಕೊಡುತ್ತದೆ.

ಮೊದಲನೆಯದು ನೀರು. ನಿಂತ ನೀರಿನ ಮೇಲೆ ಟೈರು ತೇಲತೊಡಗುವ ವೇಗಕ್ಕೆ ಒಂದು ಹಳೆಯ, ನಂಬಬಹುದಾದ ಲೆಕ್ಕವಿದೆ: ಪಿಎಸ್‌ಐಯ ವರ್ಗಮೂಲವನ್ನು 9ರಿಂದ ಗುಣಿಸಿದರೆ ನಾಟ್‌ನಲ್ಲಿ ಉತ್ತರ. ಇನ್ನೂ ತಿರುಗಲು ಶುರುವಾಗದ ಗಾಲಿಗೆ 9ರ ಬದಲು 7.7. ಟೈರಿನಲ್ಲಿ 24 ಪಿಎಸ್‌ಐ ಇದ್ದರೆ ಇವು 44 ಮತ್ತು 38 ನಾಟ್. ನಿಮ್ಮ ಸಿಟಾಬ್ರಿಯಾ ನೆಲ ಮುಟ್ಟುವುದೇ ಸುಮಾರು 45ಕ್ಕೆ. ಅಂದರೆ ಮುಟ್ಟಿ ಸ್ವಲ್ಪ ಓಡುವಷ್ಟರಲ್ಲಿ ತೇಲಾಟ ಮುಗಿದಿರುತ್ತದೆ, ಅಷ್ಟು ಹೊತ್ತು ರಡ್ಡರ್ ಇನ್ನೂ ಕೆಲಸ ಮಾಡುತ್ತಿರುತ್ತದೆ. ಅದೇ ಲೆಕ್ಕವನ್ನು 12 ಪಿಎಸ್‌ಐ ಇರುವ ದಪ್ಪ ಟೈರಿಗೆ ಹಾಕಿ: 31 ಮತ್ತು 27 ನಾಟ್. ರಡ್ಡರ್ ಸೋಲುವ ವೇಗದವರೆಗೂ ಟೈರು ನೀರಿನ ಮೇಲೇ! ಬದಿಗಾಳಿಯೂ ಸೇರಿದರೆ ವಿಮಾನ ಹುಲ್ಲಿಗಿಳಿಯುವುದನ್ನು ಕೂತು ನೋಡಬೇಕಷ್ಟೆ.

ಎರಡನೆಯದು ಬ್ರೇಕು. ಡಿಸ್ಕು ಅದೇ, ಅದನ್ನು ಹಿಡಿಯುವ ಕ್ಯಾಲಿಪರ್ ಅದೇ, ಟೈರು ಮಾತ್ರ ದೊಡ್ಡದು. 6.00-6ರ ಹೊರವ್ಯಾಸ ಸುಮಾರು 17.5 ಇಂಚು, 8.50-6ದು ಸುಮಾರು 22. ಬ್ರೇಕು ಹಿಡಿಯುವ ಬಲ ನೆಲಕ್ಕೆ ಮುಟ್ಟುವಷ್ಟರಲ್ಲಿ ಐದರಲ್ಲಿ ಒಂದು ಪಾಲು ಸೋರಿಹೋಗಿರುತ್ತದೆ. 31 ಇಂಚಿಗೆ ಹೋದರೆ ಹೆಚ್ಚುಕಡಿಮೆ ಅರ್ಧವೇ ಹೋಯಿತು. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ವಿಮಾನ ಮಾತ್ರ ನಿಲ್ಲುವುದಿಲ್ಲ. ಅಲಾಸ್ಕಾದವರು ದೊಡ್ಡ ಟೈರಿನ ಜೊತೆ ಬ್ರೇಕನ್ನೂ ಬದಲಿಸುತ್ತಾರೆ. ಹ್ಯಾಂಗರ್ ಪಂಡಿತರು ಆ ಮಾತನ್ನು ಹೇಳಿರುವುದಿಲ್ಲ.

ಮೂರನೆಯದು ದಪ್ಪ ಟೈರಿನ ಎತ್ತರವಾದ ಪಕ್ಕ, ಅಂದರೆ ಸೈಡ್‌ವಾಲ್. ಸ್ವಲ್ಪ ಓರೆಯಾಗಿ ಇಳಿದಿರಿ ಎನ್ನಿ. ಮೆದು ಟೈರಿನ ಪಕ್ಕ ಮೊದಲು ಮಡಚಿಕೊಳ್ಳುತ್ತದೆ, ಆಮೇಲೆ ಸ್ಪ್ರಿಂಗಿನಂತೆ ವಾಪಸು ತಳ್ಳುತ್ತದೆ. ಕಾಲಿನಲ್ಲಿ ಸರಿಪಡಿಸಿದ್ದಕ್ಕೆ ವಿಮಾನ ತಡವಾಗಿ ಉತ್ತರ ಕೊಡುತ್ತದೆ, ಪೈಲಟ್ ಇನ್ನಷ್ಟು ಒದೆಯುತ್ತಾನೆ, ಆಗ ಟೈರಿನ ತಳ್ಳು, ಪೈಲಟ್‌ನ ಒದೆತ ಎರಡೂ ಒಟ್ಟಿಗೇ ಕೂಡಿಕೊಳ್ಳುತ್ತವೆ. ಗಟ್ಟಿ ಗಾಳಿಯ ಸಣ್ಣ ಟೈರು ಅದೇ ತಪ್ಪಿಗೆ ಕೀರಲು ದನಿ ಮಾಡಿ, ಒಂದಿಷ್ಟು ರಬ್ಬರು ಕೊಟ್ಟು ಬಿಟ್ಟುಬಿಡುತ್ತದೆ. ಇದರ ಜೊತೆ ಮೂತಿ ಎತ್ತರವಾಗುತ್ತದೆ (8.50ಕ್ಕೆ ಅರ್ಧ ಡಿಗ್ರಿಯ ಮೇಲೆ, 31 ಇಂಚಿಗೆ ಸುಮಾರು 2 ಡಿಗ್ರಿ), ಟ್ಯಾಕ್ಸಿ ಮಾಡುವಾಗ ಮುಂದೆ ಕಾಣುವುದು ಇನ್ನೂ ಕಡಿಮೆಯಾಗುತ್ತದೆ. ಪ್ರೊಪೆಲ್ಲರ್ ನೆಲದಿಂದ ದೂರವಾಗುವುದು ಲಾಭವೇ, ಆದರೆ ಟಾರಿನ ಮೇಲೆ ನಿಮಗೆ ಅದು ಬೇಕಾಗಿಲ್ಲ.

ಇನ್ನು ಪ್ಲೈ. ಇಲ್ಲಿ ಜನ ತಪ್ಪುವುದು ನೋಡಿದರೆ ನಗು ಬರುತ್ತದೆ. 4 ಪ್ಲೈ 6.00-6 ಹೊರಬಲ್ಲ ಗರಿಷ್ಠ ಭಾರ 1150 ಪೌಂಡ್, ಅದಕ್ಕೆ 29 ಪಿಎಸ್‌ಐ. 6 ಪ್ಲೈಯದು 1750 ಪೌಂಡ್, 42 ಪಿಎಸ್‌ಐ. "6 ಪ್ಲೈ ಹಾಕಿದ್ದೇನೆ, ಹಾಗಾದರೆ 42 ತುಂಬಬೇಕಲ್ಲ?" ಅನ್ನುತ್ತಾರೆ. ಬೇಡ ಮಾರಾಯರೇ! ಅದು ಟೈರಿನ ತಾಕತ್ತಿನ ಮಿತಿ, ನಿಮ್ಮ ವಿಮಾನದ ಅಗತ್ಯವಲ್ಲ. 7ಇಸಿಎಯ ಪೂರ್ಣಭಾರ 1650 ಪೌಂಡ್. ಬಾಲಕ್ಕೆ ಸುಮಾರು 100 ಬಿಟ್ಟರೆ ಒಂದೊಂದು ಗಾಲಿಗೆ 775. 4 ಪ್ಲೈಗೆ ತ್ರೈರಾಶಿ ಹಾಕಿದರೆ 19.5 ಪಿಎಸ್‌ಐ, 6 ಪ್ಲೈಗೆ 18.6. ನೋಡಿದಿರಾ, ಪ್ಲೈ ಬದಲಾದರೂ ಗಾಳಿ ಬದಲಾಗಲಿಲ್ಲ. ಹಾಗೆಂದು ಈ 19ಕ್ಕೇ ಇಳಿಸಬೇಡಿ, ಇದು ತಳಮಟ್ಟ ಮಾತ್ರ. ನಿಮ್ಮ ವಿಮಾನದ ಕೈಪಿಡಿಯಲ್ಲಿ ಬರೆದ ಅಂಕಿಯೇ ಅಂತಿಮ, ಟೈರು ತಣ್ಣಗಿರುವಾಗ ಅಳೆಯಬೇಕು. ನಿಮ್ಮ ಭಾರಕ್ಕೆ 4 ಪ್ಲೈ ಸಾಕು. 6 ಪ್ಲೈಗೆ ಕಲ್ಲಿನ ಪೆಟ್ಟು ತಡೆಯುವ ಗುಣವಿದೆ, ತೂಕ ಸ್ವಲ್ಪ ಜಾಸ್ತಿ. ಮುಳ್ಳಿನ ನಾಡಿನವರು ಅದನ್ನು ತೆಗೆದುಕೊಂಡರೆ ನನ್ನ ತಕರಾರಿಲ್ಲ.

ಟೈರಿಗೆ ದುಡ್ಡು ಸುರಿದು ಟ್ಯೂಬಿಗೆ ಜಿಪುಣತನ ಮಾಡುವವರಿದ್ದಾರೆ. ಬ್ಯೂಟೈಲ್ ಟ್ಯೂಬೇ ಕೊಳ್ಳಿ, ಸಾದಾ ರಬ್ಬರಿನದು ವಾರವಾರ ಗಾಳಿ ಬೇಡುತ್ತದೆ. ಹೊಸ ಟೈರಿಗೆ ಹಳೆ ಟ್ಯೂಬು ಹಾಕಬೇಡಿ. ಅದು ಹಿಗ್ಗಿರುತ್ತದೆ, ಒಳಗೆ ಮಡಿಕೆ ಬಿದ್ದು ಆ ಮಡಿಕೆಯಲ್ಲೇ ಹರಿಯುತ್ತದೆ.

ಜೋಡಿಸುವಾಗ ಒಂದು ಮಾತನ್ನು ಕೂಗಿ ಹೇಳಬೇಕು: ಎರಡು ಹೋಳಿನ ರಿಮ್ಮಿನ ಬೋಲ್ಟಿಗೆ ಸ್ಪ್ಯಾನರ್ ಹಚ್ಚುವ ಮೊದಲು ವಾಲ್ವಿನ ಕೋರ್ ಬಿಚ್ಚಿ ಕೊನೆಯ ಉಸಿರಿನವರೆಗೆ ಗಾಳಿ ಬಿಡಿ. ಗಾಳಿಯಿರುವ ರಿಮ್ಮಿನ ಹೋಳು ಹಾರಿದರೆ ಕೈಬೆರಳು, ದವಡೆ, ಪ್ರಾಣ ಯಾವುದೂ ಉಳಿಯುವ ಖಾತ್ರಿಯಿಲ್ಲ. ಟೈರಿನ ಅಂಚನ್ನು ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ, ರಿಮ್ಮಿನ ಮೇಲಿನ ಗೀರು ನಾಳೆ ಬಿರುಕಾಗುತ್ತದೆ. ಟೈರಿನ ಒಳಗೆ ಅಂಟಿಸಿದ ಕಾಗದದ ಚೀಟಿ ಕಿತ್ತು ತೆಗೆಯಿರಿ, ಅದರ ಅಂಚೇ ಟ್ಯೂಬನ್ನು ತಿಕ್ಕಿ ತೂತು ಮಾಡುತ್ತದೆ. ಟ್ಯೂಬಿಗೆ ಟಾಲ್ಕ್ ಪುಡಿ ಸವರಿ, ದುಂಡಗಾಗುವಷ್ಟು ಗಾಳಿ ಕೊಟ್ಟು ಒಳಗಿಡಿ. ಟೈರಿನ ಕೆಂಪು ಚುಕ್ಕೆ ಅದರ ಹಗುರ ಜಾಗ. ಅದನ್ನು ಟ್ಯೂಬಿನ ಹಳದಿ ಗೆರೆಗೆ, ಗೆರೆಯಿಲ್ಲದಿದ್ದರೆ ವಾಲ್ವಿಗೆ ನೇರ ಮಾಡಿ. ಹೋಳುಗಳ ನಡುವೆ ಟ್ಯೂಬು ಸಿಕ್ಕಿಲ್ಲವೆಂದು ಸುತ್ತಲೂ ಕಣ್ಣಿಟ್ಟು ನೋಡಿ, ಬೋಲ್ಟುಗಳನ್ನು ಎದುರುಬದುರಾಗಿ, ರಿಮ್ಮಿನ ಚೀಟಿಯಲ್ಲಿರುವ ಟಾರ್ಕ್‌ಗೆ ಬಿಗಿಯಿರಿ. ಪೂರ್ತಿ ಗಾಳಿ ತುಂಬಿ, ಪೂರ್ತಿ ಬಿಟ್ಟು, ಮತ್ತೆ ತುಂಬಿ. ಒಳಗಿನ ಮಡಿಕೆ ಬಿಚ್ಚಿಕೊಳ್ಳುವುದು ಆಗಲೇ. ಮರುದಿನ ಗಾಳಿ ಸ್ವಲ್ಪ ಇಳಿದಿರುತ್ತದೆ, ಟೈರು ಹಿಗ್ಗಿದ್ದರಿಂದ. ಸರಿಮಾಡಿ, ಟೈರು–ರಿಮ್ಮು ಎರಡರ ಮೇಲೂ ಹಾಯುವಂತೆ ಒಂದು ಕೆಂಪು ಬಣ್ಣದ ಗೆರೆ ಎಳೆಯಿರಿ. ಆ ಗೆರೆ ಮುರಿದು ಕಂಡ ದಿನ ಟೈರು ರಿಮ್ಮಿನ ಮೇಲೆ ಜಾರಿದೆ, ವಾಲ್ವಿನ ಬುಡ ಹರಿಯುವ ಹಾದಿಯಲ್ಲಿದೆ ಎಂದರ್ಥ. ಕಾರಣ ಹೆಚ್ಚಾಗಿ ಒಂದೇ, ಕಡಿಮೆ ಗಾಳಿ.

ಪ್ರಶ್ನೆ: ನನ್ನ ಸೆಸ್ನಾ 170ರ ಟೈರುಗಳು ಹೊರ ಅಂಚಿನಲ್ಲಿ ಮಾತ್ರ ಸವೆಯುತ್ತವೆ, ಓಡುವಾಗ ಎಳೆದಾಟವೂ ಇದೆ. ಕಂಪನಿ ಬದಲಿಸಲೇ?

ಉತ್ತರ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಸ್ಪ್ರಿಂಗ್ ಸ್ಟೀಲ್ ಕಾಲಿನ ವಿಮಾನದಲ್ಲಿ ಒಬ್ಬರೇ ಹಾರುತ್ತಿದ್ದರೆ ಭಾರ ಸಾಲದೆ ಕಾಲುಗಳು ಪೂರ್ತಿ ಅಗಲವಾಗುವುದಿಲ್ಲ, ಹೊರ ಅಂಚು ಸವೆಯುವುದು ಸಹಜ. ಅರ್ಧ ಆಯುಷ್ಯಕ್ಕೆ ಟೈರನ್ನು ರಿಮ್ಮಿನ ಮೇಲೆ ಮಗುಚಿ ಹಾಕಿ. ಎಳೆದಾಟ ಬೇರೆ ಕಾಯಿಲೆ, ಅಲೈನ್‌ಮೆಂಟ್ ನೋಡಿಸಿ. ಒಂದೊಂದು ಗಾಲಿಯ ಕೆಳಗೂ ಎರಡೆರಡು ಅಲ್ಯೂಮಿನಿಯಂ ತಗಡು, ನಡುವೆ ಗ್ರೀಸು. ವಿಮಾನವನ್ನು ಅಲ್ಲಾಡಿಸಿ ಕಾಲುಗಳು ತಾವಾಗಿ ಕೂತ ಮೇಲೆ ಅಳೆಯಬೇಕು. ಗಾಲಿಗಳು ಮುಂದೆ ಒಳಮುಖವಾಗಿದ್ದರೆ, ಅಂದರೆ ಟೋ-ಇನ್ ಇದ್ದರೆ, ಟೇಲ್‌ವೀಲ್‌ಗೆ ಕೆಟ್ಟದ್ದು. ವಿಮಾನ ಎಡಕ್ಕೆ ಎಳೆದಾಗ ಭಾರ ಬಲಗಾಲಿಗೆ ಬೀಳುತ್ತದೆ, ಆ ಗಾಲಿಯೂ ಎಡಕ್ಕೇ ಮುಖ ಮಾಡಿ ಇನ್ನಷ್ಟು ಎಳೆಯುತ್ತದೆ. ಶಿಮ್ (ತೆಳು ತಗಡಿನ ತುಂಡು) ಹಾಕಿ ಸರಿಪಡಿಸಬಹುದು.

ಪ್ರಶ್ನೆ: ಬಾಲದ ಗಾಲಿ ಗಡಗಡ ನಡುಗುತ್ತದೆ. ಗಟ್ಟಿ ರಬ್ಬರಿನ ಗಾಲಿ ಹಾಕಿದರೆ ನಿಲ್ಲುತ್ತದಾ?

ಉತ್ತರ: ಮೊದಲು ಲೀಫ್ ಸ್ಪ್ರಿಂಗ್ ನೋಡಿ. ಅದು ಸೋತು ಚಪ್ಪಟೆಯಾದರೆ ಗಾಲಿಯ ಪಿವೋಟಿನ ಮೇಲ್ತುದಿ ಮುಂದಕ್ಕೆ ಬಾಗುತ್ತದೆ, ನಡುಕ ಅಲ್ಲಿಂದ. ಅದು ನೇರವಾಗಿ ಇಲ್ಲವೇ ತುಸು ಹಿಂದಕ್ಕೆ ಬಾಗಿರಬೇಕು.

ಪ್ರಶ್ನೆ: ಇಳಿಯುವ ಮೊದಲೇ ಗಾಲಿ ತಿರುಗಲಿ ಎಂದು ಟೈರಿನ ಪಕ್ಕಕ್ಕೆ ರೆಕ್ಕೆ ಅಂಟಿಸುವ ಐಡಿಯಾ ಹೇಗೆ?

ಉತ್ತರ: ವರ್ಷಕ್ಕೆ ಮೂರು ಪತ್ರ ಬರುತ್ತವೆ. ಸಣ್ಣ ವಿಮಾನದ ಟೈರು ಸವೆಸುವುದು ಬ್ರೇಕು, ತಿರುವು, ಕಡಿಮೆ ಗಾಳಿ. ಬಿಡಿ.

ಪ್ರಶ್ನೆ: ನೈಟ್ರೋಜನ್?

ಉತ್ತರ: ಜೆಟ್ಟಿಗೆ. ನಿಮಗೆ ಒಣಗಾಳಿ ಸಾಕು, ಗೇಜು ಮಾತ್ರ ಒಳ್ಳೆಯದಿರಲಿ.

ಪ್ರಶ್ನೆ: ಬೆಂಗಳೂರಿನಲ್ಲಿ ಹಳೆಯ ಎಚ್‌ಎಎಲ್ ಪುಷ್ಪಕ್ ಒಂದನ್ನು ರಿಪೇರಿ ಮಾಡುತ್ತಿದ್ದೇವೆ. ಗಾಡಿ ಟೈರು ಹಾಕಬಹುದೇ? ಟಯರ್ ಅಂಗಡಿಯವರು "ಎಲ್ಲ ಒಂದೇ ಸಾರ್" ಅನ್ನುತ್ತಾರೆ.

ಉತ್ತರ: 1958ರಲ್ಲಿ ಮೊದಲು ಹಾರಿದ ವಿಮಾನ, ಪ್ರದರ್ಶನಕ್ಕೆ ನಿಲ್ಲಿಸುವುದಾದರೆ ಭಾರ ತಡೆಯುವ ಯಾವುದನ್ನಾದರೂ ಹಾಕಿ. ಹಾರಿಸುವುದಾದರೆ ಆ ಅಂಗಡಿಯ ಕಡೆ ತಲೆ ಹಾಕಬೇಡಿ. ವಿಮಾನದ ಟೈರು ಭಾರ ಬಿದ್ದಾಗ ತನ್ನ ಪಕ್ಕದ ಎತ್ತರದ ಮೂರನೇ ಒಂದು ಪಾಲು ಕುಸಿಯುವಂತೆ ಕಟ್ಟಿದ್ದು, ಕಾರಿನ ಟೈರು ಅದರ ಅರ್ಧದಷ್ಟು ಮಾತ್ರ. ಒಂದರ ಕೆಲಸ ಇನ್ನೊಂದಕ್ಕೆ ಬರುವುದಿಲ್ಲ. ಟಿಎಸ್‌ಒ (ವಿಮಾನದ ಬಿಡಿಭಾಗಗಳಿಗೆ ಕೊಡುವ ಮಾನ್ಯತೆ) ಗುರುತಿರುವ, ಕಾಗದಪತ್ರ ಜೊತೆಗಿರುವ ಟೈರನ್ನೇ ತರಿಸಿ, ಸಹಿ ಹಾಕುವ ಇಂಜಿನಿಯರ್‌ಗೆ ಕೊಳ್ಳುವ ಮೊದಲೇ ತೋರಿಸಿ.